ಉರಣದ ದಂಡೆಯಲ್ಲಿ ಮಂಜುಗಡ್ಡೆಯ ಕೌದಿ

ಭಗವಂತ ಕೆಲವರನ್ನು ಗುಡಿಯಲ್ಲಿ ಪರೀಕ್ಷೆ ಮಾಡುತ್ತಾನೆ, ಕೆಲವರನ್ನು ಆಸ್ಪತ್ರೆಯಲ್ಲಿ. ಮುಂಬಯಿ ಹತ್ತಿರದ ಕಾಮೋಠೆಯ ನಳಿನಾಕ್ಷಿಯ ಪರೀಕ್ಷೆಗೆ ಅವನು ಆರಿಸಿಕೊಂಡದ್ದು ನೀರುದೋಸೆಯ ಕಾವಲಿಯ ಮುಂದಿನ ಜಾಗವನ್ನು. ಅದೂ ಹಿಟ್ಟು ಹೊಯ್ದ ಕೈ ಇನ್ನೂ ಗಾಳಿಯಲ್ಲಿ ಇರುವಾಗ.

"ಅತ್ತಿ, ನಿಮಗ ಒಂದು ಮಾತು ಕೇಳೋದಿತ್ತು," ಎಂದಳು ಸೊಸೆ ಮಾನಸಿ, ಅಡುಗೆಮನೆಯ ಬಾಗಿಲಲ್ಲಿ ನಿಂತು.

ನಳಿನಾಕ್ಷಿಯ ಕೈ ಹಾಗೆಯೇ ನಿಂತಿತು. ಮಾನಸಿ ಈ ಮನೆಗೆ ಬಂದು ವರ್ಷವಾಗುತ್ತ ಬಂದಿತ್ತು. ಅಷ್ಟು ದಿನಗಳಲ್ಲಿ ಆ ಹುಡುಗಿ ತನಗೆ ಬೇಕೆಂದು ಏನನ್ನೂ ಕೇಳಿದವಳಲ್ಲ. ಹುಟ್ಟಿ ಬೆಳೆದದ್ದು ಕಲ್ಯಾಣದಲ್ಲಿ, ಹಿರಿಯರು ವಿಜಯಪುರದ ಕಡೆಯವರು, ಕೆಲಸ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಮಗ ವಿಕಾಸ್ ತಾನೇ ಮೆಚ್ಚಿ ಮದುವೆಯಾದವಳು. ಗುಣದಲ್ಲಿ ಎಣಿಸಲಿಕ್ಕೆ ಒಂದು ಕುಂದಿಲ್ಲ. ಅದೇ ಕುಂದು. ಫ್ರಿಜ್ ತೆರೆಯುವ ಮುಂಚೆ ಕೇಳುತ್ತಿದ್ದಳು. ಫ್ಯಾನ್ ಹಾಕುವ ಮುಂಚೆ ಕೇಳುತ್ತಿದ್ದಳು. ಒಮ್ಮೆ ತನ್ನದೇ ಕೋಣೆಯ ಬಾಗಿಲು ಬಡಿದು ಒಳಗೆ ಹೋದದ್ದನ್ನು ಮಾವ ದೇವದಾಸ್ ಕಣ್ಣಾರೆ ನೋಡಿದ್ದರು. ಒಳಗೆ ಯಾರೂ ಇರಲಿಲ್ಲ. ಅವಳಿಗೆ ತುಳು ಬಾರದೆಂದು ಮನೆಯವರೆಲ್ಲ ಮನೆಯ ತುಳುವನ್ನು ಕಪಾಟಿನಲ್ಲಿಟ್ಟು, ಸಭೆಯಲ್ಲಿ ಕುಳಿತವರ ಹಾಗೆ ಕನ್ನಡ ಆಡತೊಡಗಿದ್ದರು.

"ಇಂಥಾ ಸೊಸೆ ಸಿಗ್ಬೇಕಾದರೆ ಪುಣ್ಯ ಬೇಕು ನಳಿನಕ್ಕ," ಎಂದು ಬಿಲ್ಡಿಂಗಿನ ಹೆಂಗಸರು ಹೇಳುವಾಗಲೆಲ್ಲ ನಳಿನಾಕ್ಷಿ ನಗುತ್ತಿದ್ದಳು, ಆದರೆ ಒಳಗೊಳಗೆ ಏನೋ ಚುಚ್ಚುತ್ತಿತ್ತು. ಒಳ್ಳೆಯ ಅತಿಥಿಯ ಲಕ್ಷಣಗಳೆಲ್ಲ ಈ ಹುಡುಗಿಯಲ್ಲಿವೆ. ಅತಿಥಿಯಾದವರು ಒಂದಲ್ಲ ಒಂದು ದಿನ ಚೀಲ ಎತ್ತಿಕೊಂಡು ಹೊರಡುತ್ತಾರೆ. ದಿನವೂ ದೀಪ ಹಚ್ಚುವಾಗ ಅವಳು ಕೃಷ್ಣನಲ್ಲಿ ಕೇಳಿಕೊಳ್ಳುತ್ತಿದ್ದದ್ದು ಒಂದೇ: ಈ ಮಗು ನಮ್ಮ ಮನೆಯವಳಾಗಲಿ.

ಈಗ ಕೃಷ್ಣ ಅವಳನ್ನು ಬಾಗಿಲಿಗೆ ಕಳಿಸಿದ್ದ.

"ಕೇಳು ಮಗಾ. ಎಂತ ಬೇಕು?"

ಮಾನಸಿ ಹೇಳಿದಳು. ಠಾಣೆಯ ಒಂದು ಕನ್ನಡ ಸಂಘದವರು ಉರಣದ ಕಡಲ ದಂಡೆಯಲ್ಲಿ ಸ್ಪರ್ಧೆ ಇಟ್ಟಿದ್ದಾರೆ. ವಿಷಯ ಚಳಿಗಾಲದ ಕಡಲು. ಅಂಟಿಲ್ಲ, ದಾರವಿಲ್ಲ, ಬಣ್ಣವಿಲ್ಲ. ಪ್ರಕೃತಿ ಕೊಟ್ಟದ್ದರಿಂದಲೇ ಬಯಲಿನಲ್ಲಿ ಒಂದು ಚಿತ್ರ ಕಟ್ಟಬೇಕು, ಕಟ್ಟಿ ಕಡಲಿಗೇ ಬಿಟ್ಟು ಬರಬೇಕು. ಒಂದೇ ಮನೆಯ ಇಬ್ಬರು ಸೇರಿ ಮಾಡಬೇಕೆಂದು ನಿಯಮ.

"ವಿಕಾಸ್‌ಗೆ ಮರಳು ಮುಟ್ಟಿದ್ರ ಸೀನು ಬರತಾವ. ನೀವು ಬರತೀರೇನು ಅಂತ. ತ್ರಾಸ್ ಆಗೋದಿದ್ರ ಬ್ಯಾಡ ಅತ್ತಿ."

"ಎಂತ ತ್ರಾಸು? ಉಡುಪಿ ಕೃಷ್ಣನಾಣೆ ಬರ್ತೇನೆ."

ದೋಸೆ ಹೊತ್ತಿ ಕರಕಲಾಯಿತು. ನಳಿನಾಕ್ಷಿ ಅದನ್ನು ಪ್ರಸಾದದ ಹಾಗೆ ತಾನೇ ತಿಂದಳು.

ಆಮೇಲೆ ಮನೆಯಲ್ಲಿ ಹಬ್ಬದ ಕಳೆ. ಮಾನಸಿ ಊಟದ ಮೇಜಿನ ಮೇಲೆ ಚಿತ್ರ ಬರೆದು ತೋರಿಸಿದಳು. ಮರಳನ್ನು ಆಳವಾಗಿ ಅಗೆದು ಅಲೆಗಳ ಸಾಲು. ಅಲೆಯ ಬೆನ್ನ ಮೇಲೆ ಗಾಳಿಮರದ ಹಸಿರು ಗೆಲ್ಲುಗಳನ್ನು ಕಡಿದು ತಂದು ನೆಡುವುದು. ಅಗೆಯುವ ಕೆಲಸ ನಳಿನಾಕ್ಷಿಯದು. "ನನ್ನ ಕೈಗೆ ಸಲಿಕೆ ಕೊಡು, ಆಮೇಲೆ ನೋಡು," ಎಂದು ಅವಳು ಜಂಬ ಕೊಚ್ಚಿದಳು.

ಸ್ಪರ್ಧೆಗೆ ಕೆಲವೇ ದಿನವಿರುವಾಗ ದೇವದಾಸ್ ಸಂಜೆ ಕಳಂಬೋಲಿಯಿಂದ ಬಂದರು. ಅಲ್ಲಿಯ ಕಬ್ಬಿಣದ ಮಾರ್ಕೆಟಿನಲ್ಲಿ ಅವರದೊಂದು ಕ್ಯಾಂಟೀನು. ಚಪ್ಪಲಿ ಬಿಚ್ಚುತ್ತ ಅವರು ಕೇಳಿದ್ದು ಇಷ್ಟೇ: "ಹುರುಳಿ ತರಬೇಕಾ ನಳಿನಿ? ಕೆಡ್ಡಸ ಬಂತಲ್ಲ."

ನಳಿನಾಕ್ಷಿ ಕುಳಿತಲ್ಲಿಂದ ಎದ್ದಳು. ಎದ್ದವಳು ಮತ್ತೆ ಕುಳಿತಳು.

ಕೆಡ್ಡಸವೆಂದರೇನೆಂದು ತುಳುನಾಡಿನವರಿಗೆ ಹೇಳುವುದು ಬೇಡ. ಉಳಿದವರಿಗಾಗಿ ಒಂದು ಮಾತು. ಮಕರ ತಿಂಗಳು ಮುಗಿಯುವ ಹೊತ್ತಿಗೆ ಭೂಮಿತಾಯಿ ಮುಟ್ಟಾಗುತ್ತಾಳೆಂದು ಆ ಸೀಮೆಯವರ ನಂಬಿಕೆ. ಮೂರು ದಿನ ಅವಳಿಗೆ ವಿಶ್ರಾಂತಿ, ಕೊನೆಯ ದಿನ ಸ್ನಾನ. ಆಗ ನೆಲ ಉಳಬಾರದು, ಅಗೆಯಬಾರದು. ಹಸಿಯಾದದ್ದನ್ನು ಕಡಿಯಬಾರದು, ಒಣಗಿದ್ದನ್ನು ಒಡೆಯಬಾರದು. ಹುರುಳಿಯನ್ನೂ ಅಕ್ಕಿಯನ್ನೂ ಹುರಿದು ಪುಡಿಮಾಡಿ, ಬೆಲ್ಲ ತೆಂಗಿನತುರಿ ಕಲಸಿ ಕುಡುಅರಿ ಎಂಬ ತಿಂಡಿ ಮಾಡಿ ಅವಳಿಗಿಟ್ಟು, ತಾವೂ ತಿಂದು ಸುಮ್ಮನಿರಬೇಕು. ವರ್ಷವಿಡೀ ಹೊತ್ತವಳಿಗೆ ಮೂರು ದಿನದ ರಜೆ. ಕೊಡುವುದಕ್ಕೆ ನಮಗೇನು ನಷ್ಟ?

ನಳಿನಾಕ್ಷಿ ಮದುವೆಯಾಗಿ ಮುಂಬಯಿ ಕಡೆಗೆ ಬಂದಂದಿನಿಂದ ಒಂದು ವರ್ಷವೂ ಕೆಡ್ಡಸ ತಪ್ಪಿಸಿದವಳಲ್ಲ. ನಿಜ ಹೇಳಬೇಕೆಂದರೆ ತಪ್ಪಿಸಲಿಕ್ಕೆ ಅವಕಾಶವೂ ಇರಲಿಲ್ಲ. ನಾಲ್ಕನೆಯ ಮಹಡಿಯಲ್ಲಿ ಇರುವವರು ಭೂಮಿಯನ್ನು ನೋಯಿಸುವುದಾದರೂ ಎಲ್ಲಿಂದ? ತುಳಸಿಯ ಕುಂಡಕ್ಕೆ ಉಗುರು ತಾಗಿಸದಿದ್ದರೆ ಮುಗಿಯಿತು. ಒಮ್ಮೆ ಮಾತ್ರ ಅವಳು ಕೆಳಗಿಳಿದು, ಗೇಟಿನ ಮುಂದೆ ರಸ್ತೆ ಅಗೆಯುತ್ತಿದ್ದ ಗುತ್ತಿಗೆದಾರನಿಗೆ ಕೈಮುಗಿದು ಮೂರು ದಿನ ಕೆಲಸ ನಿಲ್ಲಿಸಲು ಬೇಡಿಕೊಂಡಿದ್ದಳು. ಅವನು ಅಂದು ನಿಲ್ಲಿಸಿದವನು ಮಳೆಗಾಲ ಕಳೆದರೂ ತಿರುಗಿ ಬರಲಿಲ್ಲ. ಬಿಲ್ಡಿಂಗಿನವರು ಆ ಹೊಂಡವನ್ನು ದಾಟುವಾಗಲೆಲ್ಲ ನಳಿನಕ್ಕನನ್ನು ನೆನೆಯುತ್ತಿದ್ದರು.

ಸ್ಪರ್ಧೆಯ ಭಾನುವಾರ ಕೆಡ್ಡಸದ ನಡುವಿನ ದಿನ. ಒಂದು ಕಡೆ ಮಲಗಿದ ತಾಯಿ, ಇನ್ನೊಂದು ಕಡೆ ಮೊದಲ ಸಲ ಬಾಯಿಬಿಟ್ಟು ಕೇಳಿದ ಸೊಸೆ. ನಡುವೆ ತಾನೇ ಇಟ್ಟ ಆಣೆ.

"ಈಗ ಎಂತ ಮಾಡುವುದು?" ಎಂದು ಅವಳು ಗಂಡನನ್ನು ಪಿಸುಮಾತಿನಲ್ಲಿ ಕೇಳಿದಳು.

"ಹುರುಳಿಯಂತೂ ತರುವ," ಎಂದರು ದೇವದಾಸ್.

ಮರುದಿನ ನಳಿನಾಕ್ಷಿ ತಲೆಸುತ್ತು ಬಂದವಳ ಹಾಗೆ ಸೋಫಾದ ಮೇಲೆ ಮಲಗಿಕೊಂಡಳು. ನಟನೆಯ ಅಭ್ಯಾಸವಿಲ್ಲ, ಕುಕ್ಕರ್ ಕೂಗಿದ ಕೂಡಲೇ ಎದ್ದು ಓಡಿ, ಗ್ಯಾಸ್ ಆರಿಸಿ, ಮತ್ತೆ ಬಂದು ನರಳಿದಳು. ಮಾನಸಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಲಿಂಬೆ ಶರಬತ್ತು ಮಾಡಿಕೊಟ್ಟು, "ನೀವು ಆರಾಮ ಮಾಡ್ರಿ ಅತ್ತಿ, ನಾ ಹೆಸರು ತಗಿಸಿಬಿಡ್ತೀನಿ," ಎಂದಳು. ಆಮೇಲೆ ಮೇಜಿನ ಮೇಲಿದ್ದ ಚಿತ್ರವನ್ನು ಸದ್ದಿಲ್ಲದೆ ಸುರುಳಿ ಸುತ್ತಿ ಕೋಣೆಗೆ ಒಯ್ದಳು. ಬಾಗಿಲು ಬಡಿದೇ ಒಳಗೆ ಹೋದಳು.

ಆ ಬಾಗಿಲು ಬಡಿದ ಸದ್ದು ನಳಿನಾಕ್ಷಿಯ ತಲೆಸುತ್ತನ್ನು ಒಂದೇ ಏಟಿಗೆ ಬಿಡಿಸಿತು.

"ಮಾನಸಿ, ಬಾ ಇಲ್ಲಿ. ಕೂತ್ಕೋ. ನನಗೆ ತಲೆಸುತ್ತು ಇಲ್ಲ ಮಗಾ. ವಿಷಯ ಬೇರೆ ಉಂಟು."

ಹೇಳಲು ಶುರುಮಾಡಿದಾಗ ಕಷ್ಟ ಗೊತ್ತಾಯಿತು. ಭೂಮಿತಾಯಿ ಎನ್ನುವಷ್ಟರಲ್ಲಿ ದೇವದಾಸರಿಗೆ ಬಾಲ್ಕನಿಯಲ್ಲಿ ಏನೋ ತುರ್ತು ಕೆಲಸ ನೆನಪಾಯಿತು. ವಿಕಾಸ್ ಮೊಬೈಲಿನೊಳಗೆ ಮುಖ ಹುದುಗಿಸಿದ. ನಳಿನಾಕ್ಷಿ ಮಾತ್ರ ಕಣ್ಣುಮುಚ್ಚಿ, ಹರಿಕಥೆಯ ದಾಸರ ಹಾಗೆ, ಮೊದಲಿಂದ ಕೊನೆಯವರೆಗೆ ಹೇಳಿ ಮುಗಿಸಿದಳು.

ಮಾನಸಿ ನಗಲಿಲ್ಲ. "ನಮ್ಮ ಅಜ್ಜಿಗೆ ಕೇಳಬೇಕು," ಎಂದು ಫೋನ್ ಹಚ್ಚಿ ಸ್ಪೀಕರ್ ಒತ್ತಿದಳು.

ಕಲ್ಯಾಣದ ಚಂದವ್ವ ಮಾನಸಿಯ ತಂದೆಯ ತಾಯಿ. ವಯಸ್ಸು ಕಿವಿಯನ್ನು ಮುಟ್ಟಿತ್ತು, ನಾಲಗೆಯನ್ನು ಮುಟ್ಟಿರಲಿಲ್ಲ. ಆಕೆ ಎಲ್ಲವನ್ನೂ ಎರಡೆರಡು ಸಲ ಹೇಳಿಸಿ ಕೇಳಿಸಿಕೊಂಡಳು.

"ನಿಂದರ್ರಿ ಬೀಗತಿ," ಎಂದಳು ಕೊನೆಗೆ. "ಸೀಗಿ ಹುಣ್ಣಿವಿಗೆ ನಾ ಭೂಮಿತಾಯಿಗೆ ಬಯಕಿ ಊಟ ಹಾಕೀನಿ. ಕಡಬು, ಹೋಳಿಗಿ, ಪುಂಡಿಪಲ್ಯ ಮಾಡಿ, ರೈಲ್ವೆ ಹಳಿ ಬಾಜೂಕ ಮೆಂತೆಪಲ್ಲೆ ಬೆಳೀತಾರಲ್ಲ, ಆ ಮಡ್ಯಾಗ ಚರಗಾ ಅಂತ ಆ ಅಡಗಿ ಚೆಲ್ಲಿ ಬಂದೀನಿ. ಆಕಿ ಬಸರಿ ಹೆಣಮಗಳು. ಈಗ ನೀವು ನೋಡಿದ್ರ ಮುಟ್ಟಾಗ್ಯಾಳ ಅಂತೀರಿ. ಹಂಗಾದ್ರ ನಾ ಊಟ ಹಾಕಿದ್ದು ಯಾರಿಗೆ?"

ನಳಿನಾಕ್ಷಿ ಗಾಬರಿಯಾದಳು. ಇದನ್ನು ಅವಳು ಎಂದೂ ಯೋಚಿಸಿರಲಿಲ್ಲ. "ನಮ್ಮ ಕಡೆ ಭತ್ತದ ಕೊಯ್ಲು ಆಗಿ ಹೋಗಿರ್ತದೆ ಅಮ್ಮ," ಎಂದಳು ತಡವರಿಸುತ್ತ. "ಹೆತ್ತು, ಬಾಣಂತನವೂ ಮುಗಿದಿರ್ತದೆ."

"ನಮ್ಮ ಬಿಳಿಜ್ವಾಳ ಇನ್ನಾ ಹೊಲದಾಗ ನಿಂತದರಿ."

"ಹಾಗಾದರೆ ನಿಮ್ಮಲ್ಲಿ ಹೆರಿಗೆ ಆಗಲಿಲ್ಲ."

"ಘಟ್ಟದ ಮ್ಯಾಲ ತುಂಬಿದ ಬಸರಿ, ಘಟ್ಟದ ಕೆಳಗ ಮುಟ್ಟು. ಒಬ್ಬಾಕೀನ ಹೆಣಮಗಳು. ಇನ್ನ ಕಲ್ಯಾಣ ಕಾಮೋಠೆದಾಗ ಆಕಿ ಹೆಂಗದಾಳ ಅಂತ ತಿಳಕೋಬೇಕು?"

"ಕಲ್ಯಾಣ್ ಜಂಕ್ಷನ್ ಹೈ ನಾ ಆಜಿ, ಗಾಡಿ ಬದಲ್ನಾ ಪಡೇಗಾ," ಎಂದು ಮೊಬೈಲಿನಿಂದ ತಲೆ ಎತ್ತದೆ ಭೂಮಿತಾಯಿಗೂ ಗಾಡಿ ಬದಲಿಸಲು ಹೇಳಿದ ವಿಕಾಸ್.

"ನೀ ಸುಮ್ನಿರು," ಎಂದರು ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಚಂದವ್ವ ತೀರ್ಪು ಕೊಟ್ಟಳು. "ಬಸರಿ ಇರಲಿ, ಮುಟ್ಟ ಇರಲಿ, ಆಕಿ ಮೈಮ್ಯಾಲ ಸಲಿಕಿ ಹಾಕಬ್ಯಾಡ್ರಿ. ಎರಡರಾಗೂ ಹೆಣಮಕ್ಕಳ ನಡಾ ನೋಯತದ."

ಸಲಿಕೆಯ ವಿಷಯ ಅಲ್ಲಿಗೆ ಮುಗಿಯಿತು.

ಆದರೆ ಅಗೆಯದೆ, ಕಡಿಯದೆ, ಒಡೆಯದೆ ಕಟ್ಟುವುದೇನನ್ನು? ಮಾನಸಿ ಮೊಬೈಲಿನಲ್ಲಿ ಚಿತ್ರಗಳನ್ನು ಸರಿಸುತ್ತ ಕುಳಿತಳು. ಒಂದು ಚಿತ್ರದ ಹತ್ತಿರ ಬೆರಳು ನಿಂತಿತು. ಯಾವುದೋ ಚಳಿದೇಶದ ಕಡಲ ದಂಡೆ. ನೀರೇ ಹೆಪ್ಪುಗಟ್ಟಿ ಕನ್ನಡಿಯಾಗಿತ್ತು. ಯಾರೋ ಆ ಮಂಜುಗಡ್ಡೆಯ ಮೇಲೆ ಉದುರಿದ ಎಲೆಗಳನ್ನು ಸಾಲಾಗಿ ಜೋಡಿಸಿದ್ದರು.

"ನನಗ ಮೊದಲಿಂದ ಹಿಂಗ ಮಾಡೋ ಆಸೆ," ಎಂದಳು ಮಾನಸಿ. "ನಮ್ಮಲ್ಲೆಲ್ಲಿ ಸಿಗತದ ಇದು."

ಬಾಲ್ಕನಿಯ ತುರ್ತು ಕೆಲಸ ಮುಗಿಸಿ ಬಂದ ದೇವದಾಸ್ ಕನ್ನಡಕ ಏರಿಸಿ ನೋಡಿದರು. "ಇದು ಬರ್ಫ್ ಅಲ್ಲವಾ? ಮೀನಿನ ಧಕ್ಕೆಯಲ್ಲಿ ಕೇಳಿದಷ್ಟು ಕೊಡ್ತಾರಲ್ಲ ಮಾರಾಯ್ತಿ. ಉರಣದ ಹತ್ತಿರವೇ ಉಂಟು ಧಕ್ಕೆ. ಟೆಂಪೊದಲ್ಲಿ ತಂದು ದಂಡೆಯಲ್ಲಿ ಹಾಸಿದರೆ ಆಯಿತು. ನೆಲ ಅಗೆಯಲಿಕ್ಕಿಲ್ಲ, ಗೆಲ್ಲು ಕಡಿಯಲಿಕ್ಕಿಲ್ಲ."

ಎಲ್ಲರೂ ದೇವದಾಸರ ಕಡೆಗೆ ತಿರುಗಿದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಗಂಡನಿಗೆ ಹೊಳೆದ ಮೊದಲ ಉಪಾಯ ಇದೆಂದು ನಳಿನಾಕ್ಷಿಗೆ ಅನಿಸಿತು. ಆದರೂ ಒಂದು ಸಂಶಯ ಉಳಿದಿತ್ತು. "ಗಡ್ಡೆಯನ್ನು ಒಡೆಯಬೇಕಾಗ್ತದಲ್ಲ. ಅದು ಹಸಿಯಾ, ಒಣವಾ?"

"ಬಿಸಿಲಿಗಿಡು. ಒಣಗುವುದಿಲ್ಲ, ಕರಗಿ ಇಲ್ಲವಾಗಿ ಹೋಗ್ತದೆ. ಹಾಗಾದರೆ ಅದು ಹಸಿಯೂ ಅಲ್ಲ, ಒಣವೂ ಅಲ್ಲ."

ಇದು ವೇದಾಂತವೋ ಕ್ಯಾಂಟೀನಿನ ಅನುಭವವೋ ತಿಳಿಯದೆ ನಳಿನಾಕ್ಷಿ ಕೈಮುಗಿದು ಒಪ್ಪಿಕೊಂಡಳು. ಮಾನಸಿ ಆಗಲೇ ಹೊಸ ಚಿತ್ರ ಬರೆಯತೊಡಗಿದ್ದಳು. ಮಲಗಿದ ಭೂಮಿತಾಯಿಗೆ ಹೊದಿಸಲು ಒಂದು ಕೌದಿ. ಹಳೆಯ ಸೀರೆಯ ತುಂಡುಗಳನ್ನು ಕೂಡಿಸಿ ಅವರ ಕಡೆಯ ಅಜ್ಜಿಯರು ಹೊಲಿಯುತ್ತಾರಲ್ಲ, ಅಂಥದ್ದು. ಇಲ್ಲಿ ಬಟ್ಟೆಯ ಬದಲು ಉದುರಿದ ಎಲೆ, ಹಾಸು ಮಂಜುಗಡ್ಡೆಯದು.

ಭಾನುವಾರ ಬೆಳಿಗ್ಗೆ ಉರಣದ ದಂಡೆಯಲ್ಲಿ ಗಾಳಿ ತಣ್ಣಗೆ ಬೀಸುತ್ತಿತ್ತು. ಈ ಕಡೆಯ ಚಳಿ ಬೇರೆಯವರಿಗೆ ಚಳಿಯೇ ಅಲ್ಲ. ಆದರೂ ಬಂದವರಲ್ಲಿ ಅರ್ಧ ಜನ ಮಂಕಿಕ್ಯಾಪ್ ಹಾಕಿದ್ದರು. ಕೊರಳಿಗೆ ಸೀಟಿ ಕಟ್ಟಿಕೊಂಡು ಓಡಾಡುತ್ತಿದ್ದವರು ಸಂಘದ ಕಾರ್ಯದರ್ಶಿ ಗುರುನಾಥ. ಮೈಸೂರು ಕಡೆಯ ಮನುಷ್ಯ, ಮಾತು ಬೆಣ್ಣೆ, ನಿಯಮ ಕಲ್ಲು. ಪ್ರತಿಯೊಬ್ಬರಿಗೂ ಜಾಗ ಗುರುತಿಸಿ, ಒಂದೊಂದು ಸಲಿಕೆ ಕೊಟ್ಟಿದ್ದರು. ನಳಿನಾಕ್ಷಿ ತಮ್ಮ ಸಲಿಕೆಯನ್ನು ಎರಡು ಕೈಯಲ್ಲಿ ಎತ್ತಿ, ಮಗುವನ್ನು ಮಲಗಿಸುವಂತೆ ಒಂದು ಗೋಣಿಯ ಮೇಲೆ ಮಲಗಿಸಿದಳು.

ಟೆಂಪೊ ಬಂತು. ಅದರ ಮುಂಚೆ ಅದರ ವಾಸನೆ ಬಂತು. ಧಕ್ಕೆಯವರು ಮಂಜುಗಡ್ಡೆಯ ಲಾದಿಗಳನ್ನು, ಎಂದರೆ ದಪ್ಪ ಹಲಗೆಗಳನ್ನು, ಬಂಗುಡೆ ತುಂಬುವ ಟೆಂಪೊದಲ್ಲೇ ಕಳಿಸಿದ್ದರು. ಗಡ್ಡೆಗಳ ಮೈಮೇಲೆ ಅಲ್ಲಲ್ಲಿ ಮೀನಿನ ಹೊಳೆಯುವ ಚಿಪ್ಪುಗಳು ಅಂಟಿಕೊಂಡಿದ್ದವು. ದಂಡೆಯ ನಾಯಿಗಳೆಲ್ಲ ಎದ್ದು ನಿಂತವು. ಕಾಗೆಗಳು ಬಂಧುಬಳಗಕ್ಕೆ ಹೇಳಿಕಳಿಸಿದವು.

ಗುರುನಾಥ ಮೂಗಿಗೆ ಕರವಸ್ತ್ರ ಹಿಡಿದು ಓಡಿಬಂದರು. "ಮೇಡಂ, ದಯವಿಟ್ಟು ತಪ್ಪು ತಿಳ್ಕೋಬೇಡಿ. ನೈಸರ್ಗಿಕ ವಸ್ತು ಮಾತ್ರ ಅಂತ ಹೇಳಿದ್ವಿ. ಇದೇನು?"

"ನೀರು ಸ್ವಾಮಿ," ಎಂದರು ದೇವದಾಸ್. "ಸ್ವಲ್ಪ ಹಟ ಹಿಡಿದು ಕೂತಿದೆ, ಅಷ್ಟೆ."

ಗುರುನಾಥ ಯೋಚಿಸಿದರು. ಸ್ಪರ್ಧೆಯ ಕರಪತ್ರಕ್ಕೆ ಅವರೇ ಹಾಕಿಸಿದ್ದ ಚಿತ್ರದಲ್ಲಿ ಹಿಮ ಹೊದ್ದ ಕಡಲಿತ್ತು. ಬೇಡವೆನ್ನಲು ಬಾಯಿ ಬರಲಿಲ್ಲ. "ಆಗಲಿ. ಆದ್ರೆ ಅಕ್ಕಪಕ್ಕದೋರಿಗೆ ತೊಂದ್ರೆ ಆಗ್ಬಾರ್ದು."

ಕೆಳಗಡೆಯ ಜಾಗ ಡೊಂಬಿವಲಿಯ ಅಂಬಾದಾಸರದ್ದು. ರೈಲ್ವೆಯಿಂದ ನಿವೃತ್ತರಾದ ಅವರು ತಮ್ಮ ಹೆಂಡತಿಯನ್ನು ಕೊಡೆಯ ಕೆಳಗೆ ಕೂರಿಸಿ, ಒಂದು ಭಾರಿ ಮರಳಿನ ಆಮೆಯನ್ನು ಒಬ್ಬರೇ ಕಟ್ಟುತ್ತಿದ್ದರು. ಮರಳಿಗಾಗಿ ಸುತ್ತಲೂ ಕಂದಕ ತೋಡುತ್ತಿದ್ದರು. ಅವರ ಸಲಿಕೆ ನೆಲಕ್ಕೆ ಇಳಿದಾಗಲೆಲ್ಲ ನಳಿನಾಕ್ಷಿ "ಅಮ್ಮಾ" ಎಂದು ಸೊಂಟ ಹಿಡಿದುಕೊಳ್ಳುತ್ತಿದ್ದಳು. ಕೊನೆಗೆ ತಡೆಯಲಾಗದೆ ಡಬ್ಬಿಯಿಂದ ಕುಡುಅರಿ ತೆಗೆದು ಬಾದಾಮಿ ಎಲೆಯ ಮೇಲಿಟ್ಟು ಒಯ್ದಳು.

"ತಿನ್ನಿ. ನಮ್ಮ ಊರಿನ ತಿಂಡಿ."

ಅಂಬಾದಾಸರು ಸಲಿಕೆ ಕೆಳಗಿಟ್ಟು ತಿಂದರು. ಅಷ್ಟು ಹೊತ್ತು ಭೂಮಿಗೆ ನೆಮ್ಮದಿ. ಅವರು ಮತ್ತೆ ಸಲಿಕೆ ಎತ್ತಿದ ಕೂಡಲೇ ನಳಿನಾಕ್ಷಿ ಮತ್ತೆ ಒಯ್ದಳು. ಮೂರನೆಯ ಸಲ ಅಂಬಾದಾಸರು ಹೆಂಡತಿಯ ಕಡೆ ತಿರುಗಿ, "ಛಲೋ ಮಂದಿ ನೋಡು, ತಮ್ಮ ಕೆಲಸ ಬಿಟ್ಟು ನಮಗ ತಿನ್ನಸ್ಲಿಕತ್ತಾರ," ಎಂದರು. ಹೆಂಡತಿ ನಳಿನಾಕ್ಷಿಯನ್ನು ಅಷ್ಟೇನೂ ಚೆನ್ನಾಗಿ ನೋಡಲಿಲ್ಲ.

ಈ ಕಡೆ ವಿಕಾಸ್ ನಾಯಿಗಳನ್ನು ಓಡಿಸುತ್ತಿದ್ದ, ಒಂದೊಂದು ಓಟಕ್ಕೂ ಸೀನುತ್ತಿದ್ದ. ಕಲ್ಯಾಣದಿಂದ ಬಂದಿದ್ದ ಚಂದವ್ವ ಗಾಳಿಮರದ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಹುಕುಂ ಮಾಡುತ್ತಿದ್ದಳು. "ಕೂಸ, ಅಂಚು ಮೊದಲ ಹಾಕು. ಅಂಚಿಲ್ಲದ ಕೌದಿ ಗಂಡ ಬಿಟ್ಟ ಮನಿ ಇದ್ದಂಗ."

ಅತ್ತೆ ಸೊಸೆ ಲಾದಿಗಳನ್ನು ಒಂದಕ್ಕೊಂದು ತಾಗಿಸಿ ಹಾಸಿದರು. ಮಾಘದ ಹೊತ್ತಿಗೆ ಬಾದಾಮಿ ಮರ ಎಲೆ ಉದುರಿಸುವ ಮೊದಲು ಅವುಗಳಿಗೆ ಕುಂಕುಮದ ಬಣ್ಣ ಬಳಿದು ಕಳಿಸುತ್ತದೆ. ದಂಡೆಯುದ್ದಕ್ಕೂ ಅವು ಬಿದ್ದಿದ್ದವು. ಒಂದನ್ನೂ ಗಿಡದಿಂದ ಕೀಳದೆ, ಒಂದನ್ನೂ ಹರಿಯದೆ, ಬಿದ್ದದ್ದನ್ನೇ ಆಯ್ದು ತಂದರು. ಕೆಂಪು ಎಲೆ, ಹಳದಿ ಎಲೆ, ಬಿಳಿ ಕಪ್ಪೆಚಿಪ್ಪು, ಗಾಳಿಮರದ ಕಂದು ಕಾಯಿ. ಚೌಕ ಚೌಕವಾಗಿ ಜೋಡಿಸಿ, ಮೇಲೆ ತೆಳ್ಳಗಿನ ಗಡ್ಡೆಯ ಚೂರುಗಳನ್ನು ಹೊದಿಸಿದರು. ನಳಿನಾಕ್ಷಿಯ ಬೆರಳು ಮರಗಟ್ಟಿದವು. ಮಾನಸಿ ಕೇಳದೆಯೇ ಅವಳ ಕೈಗಳನ್ನು ಹಿಡಿದು, ತನ್ನ ಓಢಣಿಯಲ್ಲಿ ಸುತ್ತಿ ಉಜ್ಜಿದಳು.

ಸೂರ್ಯ ಗಾಳಿಮರಗಳ ಮೇಲೆ ಬಂದ. ಬೆಳಕು ಗಡ್ಡೆಯೊಳಗೆ ಇಳಿಯಿತು. ಕೆಂಪು ಎಲೆಗಳು ದೀಪಗಳ ಹಾಗೆ ಹತ್ತಿಕೊಂಡವು; ಮೀನಿನ ಚಿಪ್ಪುಗಳು ಕುಸುರಿಯ ಹಾಗೆ ಮಿನುಗಿದವು. ಸುತ್ತಲಿನವರೆಲ್ಲ ತಮ್ಮ ಕೆಲಸ ಬಿಟ್ಟು ಬಂದು ನಿಂತರು. ಈ ಕೌದಿಯ ಕೆಳಗೆ ಯಾರೋ ನಿಜವಾಗಿಯೂ ಮಗ್ಗುಲು ಬದಲಿಸಿ, ಕಾಲು ಮಡಚಿ, ಹಾಯಾಗಿ ಮಲಗಿದ್ದಾರೆಂದು ನಳಿನಾಕ್ಷಿಗೆ ಅನಿಸಿ ಕಣ್ಣು ಮಂಜಾಯಿತು. ಗುರುನಾಥರು ಕೂಡ ಮೂಗಿನಿಂದ ಕರವಸ್ತ್ರ ತೆಗೆದು, "ಅದ್ಭುತವಾಗಿದೆ ಮೇಡಂ. ಬಹುಮಾನ ಇನ್ಯಾರಿಗೆ ಹೋಗುತ್ತೆ ಹೇಳಿ," ಎಂದು ಮಾನಸಿಯ ಕಿವಿಯಲ್ಲಿ ಹೇಳಿದರು.

ಮಾನಸಿಯ ಮುಖ ಆ ಎಲೆಗಳಿಗಿಂತ ಕೆಂಪಾಯಿತು.

ಆಗ ಕೆಳಗಡೆಯಿಂದ ಕೂಗು ಕೇಳಿತು. "ನನ್ನ ಆಮಿ ಹಿಂಗಾಲು ಹೋತು."

ಬಿಸಿಲೇರಿತ್ತು. ಕರಗಿದ ನೀರು ಕೌದಿಯ ಅಡಿಯಿಂದ ಹೊರಟು, ಇಳಿಜಾರು ಹಿಡಿದು, ಯಾರಿಗೂ ಹೇಳದೆ ಅಂಬಾದಾಸರ ಆಮೆಯನ್ನು ಮುಟ್ಟಿತ್ತು. ಅವರು ನಿಂತು ನೋಡುತ್ತಿದ್ದ ಹಾಗೆ ಎರಡನೆಯ ಕಾಲೂ ಕುಸಿಯಿತು.

"ಆಮಿಗೆ ನೀರು ಬ್ಯಾಡಂದ್ರ ಹೆಂಗ್ರಿ?" ಎಂದು ಚಂದವ್ವ ನೆರಳಿನಿಂದಲೇ ಕೇಳಿದಳು.

"ಇದು ಮಸ್ಕರಿ ಮಾಡೋ ಹೊತ್ತೇನ್ರಿ ಅಜ್ಜಿ?" ಅಂಬಾದಾಸರು ಮೇಲೆ ತಿರುಗಿ ಕೂಗಿದರು. ಗಲ್ಲಕ್ಕೆ ಕುಡುಅರಿಯ ಪುಡಿ ಅಂಟಿತ್ತು.

ಗುರುನಾಥ ಸೀಟಿ ಊದಿದರು. ಗೋಣಿಯ ಮೇಲೆ ಮಲಗಿದ್ದ ಸಲಿಕೆಯನ್ನು ತಂದು ಮಾನಸಿಯ ಮುಂದೆ ಹಿಡಿದರು. "ಸುಲಭ ಮೇಡಂ. ಇಲ್ಲಿಂದ ಅಲ್ಲಿಗೆ ಒಂದು ಸಣ್ಣ ಕಾಲುವೆ ತೋಡಿ, ನೀರು ಸಮುದ್ರಕ್ಕೆ ಹೋಗ್ಲಿ. ಎರಡು ನಿಮಿಷದ ಕೆಲಸ. ಇಲ್ದಿದ್ರೆ ನಿಯಮದ ಪ್ರಕಾರ ನಿಮ್ಮನ್ನ ಸ್ಪರ್ಧೆಯಿಂದ ತೆಗೀಬೇಕಾಗುತ್ತೆ. ನೀವು ತೋಡಿದ್ರೆ ಬಹುಮಾನ ನಿಮ್ದೇ."

ಮಾನಸಿ ಕೈ ಚಾಚಲಿಲ್ಲ. ಕೌದಿಯನ್ನೇ ನೋಡುತ್ತ ನಿಂತಳು.

ನಳಿನಾಕ್ಷಿ ಆ ಮುಖವನ್ನು ನೋಡಿದಳು. ಮಲಗಿದವಳು ತಾಯಿ ನಿಜ. ಆದರೆ ತಾಯಿಯಾದವಳು ಮಕ್ಕಳ ಒಂದು ತಪ್ಪನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಲಾರಳೇ? ಅವಳು ಮುಂದೆ ಬಂದು ಗುರುನಾಥರ ಕೈಯಿಂದ ಸಲಿಕೆ ಕಸಿದುಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಣ್ಣುಮುಚ್ಚಿ, "ಅಮ್ಮಾ, ಇದು ನನ್ನ ತಲೆಗೆ ಬರಲಿ, ಮಗುವಿನ ತಲೆಗೆ ಬೇಡ," ಎಂದು ಹೇಳಿಕೊಂಡು ಸಲಿಕೆ ಎತ್ತಿದಳು.

ಸಲಿಕೆ ಕೆಳಗಿಳಿಯಲಿಲ್ಲ. ಕಣ್ಣು ತೆರೆದರೆ ಅದರ ಇನ್ನೊಂದು ತುದಿ ಮಾನಸಿಯ ಕೈಯಲ್ಲಿತ್ತು.

"ಬಿಡ್ರಿ ಅತ್ತಿ."

"ನೀನು ಬಿಡು ಮಗಾ. ಎರಡು ನಿಮಿಷದ ಕೆಲಸ."

"ಬಿಡ್ರಿ ಅಂದ್ನೆಲ್ಲ. ನಿಮಗೊಮ್ಮೆ ಹೇಳಿದ್ರ ತಿಳಿಯಂಗಿಲ್ಲೇನು?" ಮಾನಸಿ ಸಲಿಕೆಯನ್ನು ಎಳೆದುಕೊಂಡು ಗುರುನಾಥರ ಕೈಗೆ ಹಿಂತಿರುಗಿಸಿದಳು. "ಸರ್, ಹೆಸರು ತಗೀರಿ. ಇವತ್ತ ನಮ್ಮ ಮನ್ಯಾಗ ನೆಲ ಅಗಿಯಂಗಿಲ್ಲ."

"ಅಂದ್ರೆ? ನಿಮ್ಮ ಮನೇಲಿ ಏನಾದ್ರೂ..."

"ಅಮ್ಮಗೆ ಆರಾಮಿಲ್ಲ," ಎಂದಳು ಮಾನಸಿ. "ಮಲಗ್ಯಾಳ."

ಗುರುನಾಥ ನಳಿನಾಕ್ಷಿಯನ್ನು ಮೇಲಿಂದ ಕೆಳಗೆ ನೋಡಿದರು. ಸೆರಗು ಬಿಗಿದು ಗಟ್ಟಿಮುಟ್ಟಾಗಿ ನಿಂತಿದ್ದ ಈ ಹೆಂಗಸು ಎಲ್ಲಿ ಮಲಗಿದ್ದಾಳೆಂದು ಅವರಿಗೆ ಅರ್ಥವಾಗಲಿಲ್ಲ. ಕಾಯಿಲೆಯವರನ್ನು ಕರೆತಂದದ್ದಕ್ಕೆ ಒಂದು ಸಾಂತ್ವನದ ಮಾತು ಹೇಳಿ, ಹೆಸರು ಹೊಡೆದುಹಾಕಿ ಹೊರಟುಹೋದರು.

ಬಹುಮಾನ ಅಂಬಾದಾಸರಿಗೆ ಬಂತು. ಕಾಲುಗಳೆಲ್ಲ ಕರಗಿ ಹೋದ ಮೇಲೆ ಆಮೆ ಚಿಪ್ಪಿನೊಳಗೆ ಕಾಲು ಎಳೆದುಕೊಂಡು ಚಳಿಗೆ ಮುದುಡಿ ಕುಳಿತ ಹಾಗೆ ಕಾಣುತ್ತಿತ್ತು. ಚಳಿಗಾಲದ ಭಾವವನ್ನು ಇಷ್ಟು ಸೂಕ್ಷ್ಮವಾಗಿ ಹಿಡಿದವರು ಇನ್ನೊಬ್ಬರಿಲ್ಲವೆಂದು ಗುರುನಾಥ ಭಾಷಣ ಮಾಡಿದರು. ಅಂಬಾದಾಸರು ಶಾಲು ಹೊದ್ದು ಬಂದು ನಳಿನಾಕ್ಷಿಯ ಕೈಹಿಡಿದು ಅತ್ತರು. ಅವರ ಹೆಂಡತಿ ಬಂದು ಆ ಕೈ ಬಿಡಿಸಿದಳು.

ಮಧ್ಯಾಹ್ನದ ಹೊತ್ತಿಗೆ ಗಡ್ಡೆ ಪೂರ್ತಿ ಕರಗಿತ್ತು. ಎಲೆಗಳು ಮಾತ್ರ ಜೋಡಿಸಿದ ಸಾಲಿನಲ್ಲೇ ಮೆಲ್ಲಗೆ ಇಳಿದು ಒದ್ದೆ ಮರಳಿನ ಮೇಲೆ ಕುಳಿತಿದ್ದವು. ಚಂದವ್ವ ಹತ್ತಿರ ಬಂದು ಬಾಗಿ ನೋಡಿದಳು. "ನಿಮ್ಮ ಭೂಮಿತಾಯಿಗೆ ತಣ್ಣೀರ ಜಳಕಾ ಆತಲ್ಲ ಬೀಗತಿ."

"ಸ್ನಾನ ನಾಳೆ ಅಮ್ಮ. ಒಂದು ದಿನ ಮುಂಚೆ ಆಯಿತು," ಎಂದಳು ನಳಿನಾಕ್ಷಿ ಚಿಂತೆಯಿಂದ.

"ಇರಲಿ ಬಿಡ್ರಿ. ಸೆಕಿ ಇತ್ತು."

ಎಲ್ಲರೂ ಗಾಳಿಮರದ ಕೆಳಗೆ ಕುಳಿತರು. ಡಬ್ಬಿಯಲ್ಲಿ ಉಳಿದ ಕುಡುಅರಿಯನ್ನು ನಳಿನಾಕ್ಷಿ ಹಂಚಿದಳು. ಮಾನಸಿಗೆ ಬಹುಮಾನ ಹೋದ ದುಃಖವಿದ್ದೀತೆಂದು ಅವಳ ಪಾಲಿಗೆ ಒಂದು ಮುಷ್ಟಿ ಹೆಚ್ಚು ಹಾಕಿದಳು. ಮಾನಸಿ ಒಂದು ತುತ್ತು ತಿಂದು, ಹುಬ್ಬು ಗಂಟಿಕ್ಕಿ, ಮತ್ತೊಂದು ತಿಂದಳು.

"ಅತ್ತಿ, ಬೆಲ್ಲ ಭಾಳ ಹಾಕೀರಿ. ಮಕ್ಕಳ ಔಷಧ ತಿಂದಂಗ ಆಗತದ. ಹೆಂಗ ತಿಂತೀರಿ ನೀವೆಲ್ಲ ಇದನ್ನ?"

ದೇವದಾಸರ ಕೈ ಬಾಯಿಯ ಹತ್ತಿರ ನಿಂತುಹೋಯಿತು. ಇಷ್ಟು ವರ್ಷಗಳಿಂದ ಅವರಿಗೂ ಹಾಗೇ ಅನಿಸುತ್ತಿತ್ತು. ಹೇಳುವ ಧೈರ್ಯ ಬಂದಿರಲಿಲ್ಲ. ವಿಕಾಸ್ ಸೀನುವುದನ್ನು ನಿಲ್ಲಿಸಿದ.

"ಜಾಸ್ತಿಯಾ?" ನಳಿನಾಕ್ಷಿ ಸೆಟೆದು ಕುಳಿತಳು. "ನಿನಗೆ ಎಂತ ಗೊತ್ತುಂಟು ಕೆಡ್ಡಸದ ಬೆಲ್ಲದ ಹದ? ನಾಳೆ ನೀನೇ ಕಲಸು. ನೋಡುವ ಹೇಗಾಗ್ತದೆ ಅಂತ."

"ಕಲಸ್ತೀನಿ. ಒಂದಿಷ್ಟು ಖಾರಪುಡಿ, ಬಳ್ಳೊಳ್ಳಿ ಹಾಕಿ ಕಲಸ್ತೀನಿ."

"ಕೆಡ್ಡಸಕ್ಕೆ ಬೆಳ್ಳುಳ್ಳಿಯಾ? ಕೇಳಿದ್ರಾ ಇವಳ ಮಾತು?"

"ಯಾಕ, ಭೂಮಿತಾಯಿ ಬಾಯಿಗೆ ರುಚಿ ಬ್ಯಾಡೇನು?"

ವಿಕಾಸ್ ಸ್ಟೇಷನ್ನಿಗೆ ಹೋಗಲು ರಿಕ್ಷಾ ಕರೆದ. ರಿಕ್ಷಾ ಬಂದು ನಿಂತರೂ ಇಬ್ಬರೂ ತಿರುಗಿ ನೋಡಲಿಲ್ಲ. ನಳಿನಾಕ್ಷಿ ಚಂದವ್ವನನ್ನೂ ಗಂಡಸರನ್ನೂ ಅದರಲ್ಲಿ ಕೂರಿಸಿ, ನಾವು ನಡೆದೇ ಬರುತ್ತೇವೆಂದು ಕಳಿಸಿಬಿಟ್ಟಳು. ರಿಕ್ಷಾದಲ್ಲಿ ಹೋದರೆ ಜಗಳ ಬೇಗ ಮುಗಿದುಹೋಗುತ್ತಿತ್ತು.